ಹೆಸರು ಬದಲಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಹೆಸರು ನಿಮ್ಮದು. ಅದನ್ನು ಬದಲಿಸಿಕೊಳ್ಳುವ ಹಕ್ಕೂ ನಿಮ್ಮದೇ. ಈ ಹಕ್ಕು ಸಂವಿಧಾನದ 19 ಮತ್ತು 21ನೇ ವಿಧಿಗಳೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 2021ರಲ್ಲಿ, ಸಿಬಿಎಸ್‌ಇ ಪ್ರಮಾಣಪತ್ರಗಳ ಪ್ರಕರಣದಲ್ಲಿ ಹೇಳಿದೆ. ಆದರೆ ಹಳೆಯ ಹೆಸರನ್ನು ಅಳಿಸಿಹಾಕಲು ಕಾನೂನು ಬಿಡುವುದಿಲ್ಲ. ಹಳೆಯ, ಹೊಸ ಹೆಸರುಗಳೆರಡೂ ಒಬ್ಬರದೇ ಎಂದು ತೋರಿಸುವ ಕಾಗದಗಳ ಕೊಂಡಿ ಎಲ್ಲಿಯೂ ಕಳಚಬಾರದು.

ಮಾಡಬೇಕಾದ್ದು

ನಿಮಗೆ ಬೇಕಿರುವುದು ತಿದ್ದುಪಡಿಯೋ ಬದಲಾವಣೆಯೋ ಎಂದು ಮೊದಲು ತೀರ್ಮಾನಿಸಿ. ನಮ್ಮಲ್ಲಿ ಬಹುತೇಕ ತೊಂದರೆ ತಿದ್ದುಪಡಿಯದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕೆ. ಎಸ್. ಮಂಜುನಾಥ’, ಆಧಾರ್‌ನಲ್ಲಿ ಇನಿಷಿಯಲ್ ಇಲ್ಲದ ‘ಮಂಜುನಾಥ್’, ಪಹಣಿಯಲ್ಲಿ ‘ಮಂಜಪ್ಪ ಬಿನ್ ಸಿದ್ದಪ್ಪ’. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ ‘ಎ’ ಅಕ್ಷರ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಇಂಥದ್ದಕ್ಕೆ ಗೆಜೆಟ್‌ವರೆಗೆ ಓಡಬೇಡಿ. ಅಂಕಪಟ್ಟಿಯನ್ನು ಆಧಾರವಾಗಿ ಹಿಡಿದು ಉಳಿದವನ್ನು ಅದಕ್ಕೆ ಸರಿಹೊಂದಿಸಿ. ಹೊಂದಿಸಲಾಗದ ಕಡೆ, ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಒಪ್ಪುತ್ತಾರೆಯೇ ಎಂದು ಆ ಕಚೇರಿಯಲ್ಲೇ ವಿಚಾರಿಸಿ.

ಹೆಸರೇ ಬೇರೆಯಾಗುವುದಾದರೆ ಮೂರು ಹೆಜ್ಜೆ. ನೋಟರಿ ಎದುರು ಅಫಿಡವಿಟ್. ಎರಡು ಪತ್ರಿಕೆಗಳಲ್ಲಿ, ಒಂದು ಕನ್ನಡ ಒಂದು ಇಂಗ್ಲಿಷ್, ಪ್ರಕಟಣೆ. ಬಳಿಕ ಭಾರತ ಗೆಜೆಟ್‌ನ 4ನೇ ಭಾಗದಲ್ಲಿ ಅಧಿಸೂಚನೆ. ಪತ್ರಿಕೆಯ ಇಡೀ ಪುಟ ತೆಗೆದಿಡಿ. ಕತ್ತರಿಸಿದ ತುಂಡಿನಲ್ಲಿ ದಿನಾಂಕ ಕಾಣಿಸದಿದ್ದರೆ ಅರ್ಜಿ ವಾಪಸು ಬರಬಹುದು. ಅಫಿಡವಿಟ್, ಪ್ರಕಟಣೆ, ಗೆಜೆಟ್ ಮೂರರಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ ಇರಬೇಕು. ಸರ್ಕಾರಿ ನೌಕರರು ಇಲಾಖೆಗೆ ಮೊದಲೇ ತಿಳಿಸಬೇಕು.

ಮಗುವಿನ ಹೆಸರನ್ನು ಶಾಲೆಗೆ ಸೇರಿಸುವ ಮುಂಚೆಯೇ ಸರಿಪಡಿಸಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ದಾಖಲಾತಿ ಪುಸ್ತಕದಲ್ಲಿ ಬಿದ್ದ ತಪ್ಪು ಅಕ್ಷರವೇ ಹತ್ತನೇ ತರಗತಿಯ ಅಂಕಪಟ್ಟಿಗೂ ಬರುತ್ತದೆ, ಅದರ ಓಡಾಟ ಆ ಮಗುವಿನ ತಲೆಗೆ ಬರುತ್ತದೆ. ಜನನ ನೋಂದಣಿಯಲ್ಲಿ ಹೆಸರನ್ನೇ ಬರೆಸಿಲ್ಲದಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ, ನಂತರ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಇಟ್ಟ ಹೆಸರನ್ನು ಬದಲಿಸಲು 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ದಾರಿಯಿರಲಿಲ್ಲ. ಉಡುಪಿಯ ಮಗುವೊಂದರ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2025ರಲ್ಲಿ ಬದಲಾವಣೆಗೆ ಅವಕಾಶ ಕೊಟ್ಟಿತು. ಆದರೆ ಹಳೆಯ ಹೆಸರನ್ನು ಉಳಿಸಿಕೊಂಡೇ, ಬದಲಾದದ್ದನ್ನು ಪಕ್ಕದಲ್ಲಿ ನಮೂದಿಸಬೇಕೆಂದಿತು.

ಮಾಡಬಾರದ್ದು

ಆಧಾರ್‌ನಲ್ಲಿ ಹೆಸರನ್ನು ಸುಮ್ಮನೆ ಪರೀಕ್ಷಿಸಿ ನೋಡಲೆಂದು ಬದಲಿಸಬೇಡಿ. ಜೀವಮಾನದಲ್ಲಿ ಎರಡೇ ಸಲ ಅವಕಾಶ. ಮೂರನೆಯದಕ್ಕೆ ವಿಶೇಷ ಅನುಮತಿ ಕೇಳಬೇಕು.

ಮದುವೆಯಾದ ಹೆಣ್ಣುಮಗಳ ಮೇಲೆ ಹೆಸರು ಬದಲಿಸೆಂದು ಒತ್ತಡ ಹಾಕಬೇಡಿ. ಗಂಡನ ಹೆಸರು ಸೇರಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ತಾನಾಗಿ ಬಯಸಿದರೆ ಸಾಮಾನ್ಯವಾಗಿ ವಿವಾಹ ನೋಂದಣಿ ಪತ್ರ ಸಾಕು. ಓದಿದ ಪ್ರಮಾಣಪತ್ರಗಳನ್ನು ಮುಟ್ಟದಿರುವುದೇ ಲೇಸು.

ಸಾಲ, ಕೇಸು, ಜೀವನಾಂಶ ತಪ್ಪಿಸಿಕೊಳ್ಳಲು ಹೆಸರು ಬದಲಿಸಬೇಡಿ. ಹೊಣೆಗಳೆಲ್ಲ ಹೊಸ ಹೆಸರಿನ ಬೆನ್ನಿಗೇ ಬರುತ್ತವೆ. ಹೆಸರಿನ ಬಾಲ ಬದಲಾದರೆ ಜಾತಿ ಬದಲಾಗುವುದಿಲ್ಲ, ಮೀಸಲಾತಿಯೂ ಸಿಗುವುದಿಲ್ಲ. ಅಫಿಡವಿಟ್‌ನಲ್ಲಿ ಸುಳ್ಳು ಹೇಳುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಹಿಂದಿನ ಹೆಸರು ಕೇಳುವ ಜಾಗವನ್ನು ಖಾಲಿ ಬಿಡಬೇಡಿ.

ಗೆಜೆಟ್ ಮಾಡಿಸಿಕೊಡುತ್ತೇನೆನ್ನುವ ದಲ್ಲಾಳಿಯ ಮಾತು ನಂಬಿ ದುಡ್ಡು ಕೊಡಬೇಡಿ. ಕೈಗೆ ಬಂದ ಪ್ರತಿಯನ್ನು ಸರ್ಕಾರದ ಇ-ಗೆಜೆಟ್ ತಾಣದಲ್ಲಿ ನೀವೇ ಹುಡುಕಿ ನೋಡಿ. ಅಲ್ಲಿ ಸಿಗದ ಪ್ರತಿಯನ್ನು ಯಾವ ಕಚೇರಿಗೂ ಕೊಡಬೇಡಿ.