ಕಿಮೋ ನಂತರದ ಮೂವತ್ತು ದಿನ

ಪ್ರಶ್ನೆ: ತಂದೆಗೆ 68 ವರ್ಷವಾಗಿತ್ತು, ಶ್ವಾಸಕೋಶದ ಕ್ಯಾನ್ಸರ್. ಎರಡನೇ ಕಿಮೋ ಆಗಿ ಹತ್ತನೇ ದಿನಕ್ಕೆ ಜ್ವರ ಬಂತು. ಎರಡು ದಿನ ಮನೆಯಲ್ಲೇ ಮಾತ್ರೆ ಕೊಟ್ಟು ನೋಡಿದೆವು. ಆಮೇಲೆ ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಅವರನ್ನು ಬಲಿ ತೆಗೆದುಕೊಂಡದ್ದು ಕಾಯಿಲೆಯೋ, ಔಷಧವೋ? ಇಂಥ ಸಾವುಗಳನ್ನು ಆಸ್ಪತ್ರೆಯವರು ಪರಿಶೀಲಿಸುತ್ತಾರೆಯೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ದಾಖಲೆ ನೋಡದೆ ನಿಮ್ಮ ತಂದೆಯವರ ವಿಷಯದಲ್ಲಿ ತೀರ್ಪು ಕೊಡಲಾರೆ. ಆದರೆ ಇದೇ ಪ್ರಶ್ನೆಯನ್ನು ಬ್ರಿಟನ್ನಿನ ವೈದ್ಯರು ತಮಗೆ ತಾವೇ ಹಾಕಿಕೊಂಡಿದ್ದರು. ಅಲ್ಲಿನ ಎನ್‌ಸಿಇಪಿಒಡಿ ಎಂಬ ಸಂಸ್ಥೆ, 2006ರಲ್ಲಿ ಕಿಮೋ ಪಡೆದು 30 ದಿನದೊಳಗೆ ತೀರಿಕೊಂಡವರ ಕೇಸ್‌ಶೀಟ್‌ಗಳನ್ನು ತಜ್ಞರಿಂದ ಓದಿಸಿತು. 2008ರ ವರದಿಯ ಪ್ರಕಾರ, ಆರೈಕೆ ಚೆನ್ನಾಗಿತ್ತು ಎನ್ನಿಸಿದ್ದು ಶೇ 35ರಷ್ಟು ಪ್ರಕರಣಗಳಲ್ಲಿ ಮಾತ್ರ. ಶೇ 27ರಷ್ಟರಲ್ಲಿ ಚಿಕಿತ್ಸೆಯೇ ಸಾವಿಗೆ ಕಾರಣವಾಗಿತ್ತು ಅಥವಾ ಅದನ್ನು ಹತ್ತಿರ ತಂದಿತ್ತು. ಇದು ಕಿಮೋ ಪಡೆದವರೆಲ್ಲರ ಲೆಕ್ಕವಲ್ಲ, ತಿಂಗಳೊಳಗೆ ತೀರಿಕೊಂಡವರದು ಮಾತ್ರ. ಅವರಲ್ಲಿ ಬಹುಪಾಲು ಜನರಿಗೆ ಕಿಮೋ ಕೊಟ್ಟದ್ದು ಗುಣಪಡಿಸಲಿಕ್ಕಲ್ಲ, ನೋವು ತಗ್ಗಿಸಿ ಆಯುಸ್ಸು ಹೆಚ್ಚಿಸಲಿಕ್ಕೆ.

ಇಂಥ ಪರಿಶೀಲನೆಯಲ್ಲಿ ಕೇಳಬೇಕಾದದ್ದು ಇಷ್ಟು: ರೋಗಿಯ ದೇಹಕ್ಕೆ ಕಿಮೋ ತಡೆಯುವ ಶಕ್ತಿ ಇತ್ತೇ? ಪ್ರತಿ ಸುತ್ತಿಗೂ ಮುನ್ನ ರಕ್ತಕಣ, ಮೂತ್ರಪಿಂಡ, ಯಕೃತ್ತಿನ ವರದಿ ನೋಡಿ ಡೋಸ್ ನಿರ್ಧರಿಸಿದರೇ? ಚಿಕಿತ್ಸೆಯ ಗುರಿ ಏನೆಂದು ಮನೆಯವರಿಗೆ ಬಿಡಿಸಿ ಹೇಳಿದರೇ? ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕೆಂದು ತಿಳಿಸಿದ್ದರೇ?

ಕೊನೆಯ ಪ್ರಶ್ನೆ ನಿಮಗೆ ಮುಖ್ಯ. ಹಲವು ಕಿಮೋ ಔಷಧಗಳಲ್ಲಿ 7ರಿಂದ 14ನೇ ದಿನದ ನಡುವೆ ಬಿಳಿರಕ್ತಕಣ ತೀರಾ ಇಳಿಯುತ್ತದೆ. ಆಗ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಜ್ವರವೂ ತುರ್ತುಸ್ಥಿತಿಯೇ, ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಹೋಗಬೇಕು. ಜ್ವರದ ಮಾತ್ರೆ ತಾಪ ಇಳಿಸೀತು, ಸೋಂಕನ್ನು ತಡೆಯದು. ಇದನ್ನು ನಿಮಗೆ ಯಾರೂ ಮೊದಲೇ ಹೇಳಿರದಿದ್ದರೆ, ಆ ಎರಡು ದಿನಗಳ ತಪ್ಪನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ.

ನಮ್ಮಲ್ಲೂ ದೊಡ್ಡ ಆಸ್ಪತ್ರೆಗಳಲ್ಲಿ ಸಾವಿನ ಪರಿಶೀಲನಾ ಸಭೆಗಳು ನಡೆಯುತ್ತವೆ. ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ, ಅಧಿಕೃತವಾಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಒದಗಿಸಬೇಕು. ಅದನ್ನು ಪಡೆದು ಚಿಕಿತ್ಸೆ ಕೊಟ್ಟ ಕ್ಯಾನ್ಸರ್ ವೈದ್ಯರನ್ನು ಭೇಟಿಯಾಗಿ. ಮೇಲಿನ ನಾಲ್ಕು ಪ್ರಶ್ನೆ ಕೇಳಿ. ಈ ಸಾವನ್ನು ಸಭೆಯಲ್ಲಿ ಚರ್ಚಿಸುವಂತೆ ಲಿಖಿತವಾಗಿ ಕೋರಿ.