ಶೆಲ್ಲಿನ ಆಯ್ಕೆಗಳ ಸ್ಥಿತಿಯನ್ನು ನೋಡುವ ಕ್ರಮ

ಲೆಕ್ಕಪತ್ರ, ದಾಸ್ತಾನು ಹಾಗೂ ಬಿಲ್ಲುಗಳನ್ನು ಲಿನಕ್ಸ್ ಸರ್ವರಿನಲ್ಲಿ ಇರಿಸಿರುವ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಉಂಟು. ರಾತ್ರಿ ವಹಿವಾಟು ಮುಗಿದ ಮೇಲೆ ಆ ದಿನದ ದತ್ತಾಂಶದ ಪ್ರತಿಯನ್ನು ತೆಗೆದಿಡುವ ಕೆಲಸವನ್ನು ಸಾಮಾನ್ಯವಾಗಿ ಒಂದು ಚಿಕ್ಕ ಸ್ಕ್ರಿಪ್ಟ್ ನಿರ್ವಹಿಸುತ್ತದೆ. ಅದನ್ನು ನಡೆಸುವ ಶೆಲ್ ಬಹುಮಟ್ಟಿಗೆ ಬ್ಯಾಷ್; ಗ್ನೂ ಯೋಜನೆಗಾಗಿ ಬ್ರಯನ್ ಫಾಕ್ಸ್ ರಚಿಸಿದ ಇದು 1989ರಲ್ಲಿ ಮೊದಲು ಬಿಡುಗಡೆಯಾಯಿತು. ಈ ಶೆಲ್ಲಿಗೆ ಹತ್ತಾರು ಆಯ್ಕೆಗಳಿದ್ದು, ಪ್ರತಿಯೊಂದೂ ಆನ್ ಇಲ್ಲವೇ ಆಫ್ ಆಗಿರುತ್ತದೆ. ಯಾವುದು ಹೇಗಿದೆಯೆಂದು ನೋಡದೆ ಸ್ಕ್ರಿಪ್ಟನ್ನು ನಂಬುವುದು ತಕ್ಕಡಿಯ ಮುಳ್ಳನ್ನು ನೋಡದೆ ತೂಗಿದಂತೆಯೇ ಸರಿ.

ನೋಡುವ ಕ್ರಮ ಸುಲಭವಾದುದು. ಟರ್ಮಿನಲ್ ತೆರೆದು, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ‘ಸೆಟ್’ ಎಂದು ಬರೆದು, ಒಂದು ತೆರಪು ಬಿಟ್ಟು, ಅಡ್ಡಗೆರೆಯನ್ನೂ ‘ಓ’ ಅಕ್ಷರವನ್ನೂ ಕೂಡಿಸಿ ಎಂಟರ್ ಒತ್ತತಕ್ಕದ್ದು. ಎಡಕ್ಕೆ ಆಯ್ಕೆಯ ಹೆಸರು, ಬಲಕ್ಕೆ ಅದರ ಸ್ಥಿತಿ ಮೂಡುತ್ತದೆ. ಅಡ್ಡಗೆರೆಯ ಬದಲು ಕೂಡುವ ಚಿಹ್ನೆ ಹಾಕಿದರೆ ಅದೇ ಪಟ್ಟಿ ಆಜ್ಞೆಗಳ ರೂಪದಲ್ಲಿ ಬರುತ್ತದೆ. ಅದನ್ನು ಕಡತದಲ್ಲಿ ಉಳಿಸಿಕೊಂಡರೆ ಮುಂದೆ ಅದೇ ಸ್ಥಿತಿಯನ್ನು ಮರಳಿ ತರಬಹುದು. ಬ್ಯಾಷಿಗೇ ವಿಶಿಷ್ಟವಾದ ಇನ್ನಷ್ಟು ಆಯ್ಕೆಗಳನ್ನು ಎಸ್, ಎಚ್, ಓ, ಪಿ, ಟಿ ಎಂಬ ಐದಕ್ಷರಗಳ ‘ಶಾಪ್ಟ್’ ಆಜ್ಞೆ ತೋರಿಸುತ್ತದೆ. (ಹೆಸರು ಕೇಳಿ ವರ್ತಕರು ಹಿಗ್ಗಬೇಕಾಗಿಲ್ಲ, ಇದಕ್ಕೂ ಅಂಗಡಿಗೂ ಸಂಬಂಧವಿಲ್ಲ, ಶೆಲ್ ಆಪ್ಷನ್ಸ್ ಎಂಬುದರ ಹ್ರಸ್ವರೂಪವಷ್ಟೆ.)

ಮೊದಲನೆಯ ಪಟ್ಟಿಯಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ‘ಪೈಪ್‌ಫೇಲ್’. ದತ್ತಾಂಶವನ್ನು ಹೊರತೆಗೆಯುವ ಆಜ್ಞೆಯ ಫಲವನ್ನು ಪೈಪಿನ ಮೂಲಕ ಜಿಜಿಪ್ ತಂತ್ರಾಂಶಕ್ಕೆ ಕೊಟ್ಟು ಕುಗ್ಗಿಸುವುದು ವಾಡಿಕೆ. ಡೇಟಾಬೇಸಿನ ಗುಪ್ತಪದ ಬದಲಾಗಿ ಮೊದಲ ಆಜ್ಞೆ ವಿಫಲವಾಯಿತೆನ್ನಿ. ಜಿಜಿಪ್ ತನಗೆ ಬಂದ ಶೂನ್ಯವನ್ನೇ ನಿಷ್ಠೆಯಿಂದ ಕುಗ್ಗಿಸಿ, 20 ಬೈಟುಗಳ ಕಡತವೊಂದನ್ನು ಮಾಡಿ, ಕೆಲಸ ಸಫಲವಾಯಿತೆಂದು ವರದಿ ಮಾಡುತ್ತದೆ. ಪೈಪ್‌ಫೇಲ್ ಆಫ್ ಇದ್ದಾಗ ಶೆಲ್ ಕೊನೆಯ ಆಜ್ಞೆಯ ಮಾತನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ದಿನಾಂಕ ಹೊತ್ತ ಕಡತಗಳು ಸಾಲುಸಾಲಾಗಿ ಸೇರುತ್ತಲೇ ಹೋಗುತ್ತವೆ. ಒಳಗೆ ಏನೂ ಇಲ್ಲವೆಂಬುದು ಡಿಸ್ಕ್ ಕೆಟ್ಟ ದಿನ ತಿಳಿಯುತ್ತದೆ. 2004ರ ಬ್ಯಾಷ್ 3.0 ಆವೃತ್ತಿಯಿಂದ ಲಭ್ಯವಿರುವ ಈ ಆಯ್ಕೆ ತಾನಾಗಿ ಆನ್ ಆಗಿರುವುದಿಲ್ಲ. ಜೊತೆಗೆ, ಆಜ್ಞೆ ವಿಫಲವಾದೊಡನೆ ಸ್ಕ್ರಿಪ್ಟನ್ನು ನಿಲ್ಲಿಸುವ ‘ಎರ್‌ಎಕ್ಸಿಟ್’, ಬೆಲೆಯನ್ನೇ ಕೊಡದ ಚರವನ್ನು ಬಳಸಿದಾಗ ತಡೆಯುವ ‘ನೋಅನ್‌ಸೆಟ್’ ಇವುಗಳನ್ನೂ ನೋಡಬೇಕು. ಹಳೆಯ ಪ್ರತಿಗಳನ್ನು ಅಳಿಸುವ ಸಾಲಿನಲ್ಲಿ ಕೋಶದ ಹೆಸರು ಶೂನ್ಯವಾದರೆ ಅಳಿಸುವ ಆಜ್ಞೆ ಎಲ್ಲಿ ಹೋಗಿ ಬೀಳುವುದೋ ಹೇಳಲಾಗದು.

ಪಟ್ಟಿಯನ್ನು ಎಲ್ಲಿ ನಿಂತು ನೋಡುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಪರದೆಯ ಮೇಲೆ ಕಂಡ ಪಟ್ಟಿ ಆ ಶೆಲ್ಲಿಗೆ ಮಾತ್ರ ಸಲ್ಲುತ್ತದೆ. ರಾತ್ರಿ ಕ್ರಾನ್ ಹೊರಡಿಸುವ ಸ್ಕ್ರಿಪ್ಟ್ ತನ್ನದೇ ಹೊಸ ಶೆಲ್ಲಿನಲ್ಲಿ ನಡೆಯುವುದರಿಂದ, ಹಗಲಿನಲ್ಲಿ ತಾವು ಟರ್ಮಿನಲ್ಲಿನಲ್ಲಿ ಆನ್ ಮಾಡಿದ್ದು ಅಲ್ಲಿಗೆ ತಲುಪುವುದಿಲ್ಲ. ಆದುದರಿಂದ ಈ ಮೂರು ಆಯ್ಕೆಗಳನ್ನು ಸ್ಕ್ರಿಪ್ಟಿನ ಆರಂಭದಲ್ಲಿಯೇ ಆನ್ ಮಾಡಿಸಿ, ಮರುಸಾಲಿನಲ್ಲಿ ಮೇಲೆ ಹೇಳಿದ ‘ಸೆಟ್’ ಆಜ್ಞೆಯನ್ನು ಬರೆಯಿಸಿ, ಪಟ್ಟಿಯು ಪ್ರತಿ ರಾತ್ರಿಯೂ ಲಾಗ್ ಕಡತಕ್ಕೆ ಸೇರುವಂತೆ ವ್ಯವಸ್ಥೆ ಮಾಡಿಕೊಳ್ಳುವುದು ಒಳಿತು. ವಾರ್ಷಿಕ ನಿರ್ವಹಣೆಯ ಕರಾರಿಗೆ ಹಣ ತೆರುವ ಮಾಲೀಕರು ಆ ಪಟ್ಟಿಯ ಮುದ್ರಿತ ಪ್ರತಿಯನ್ನು ತಂತ್ರಜ್ಞರಿಂದ ಕೇಳಿ ಪಡೆಯಲು ಸಂಕೋಚಪಡಬೇಕಾಗಿಲ್ಲ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬ್ಯಾಷ್ ಎಂದಿದೆಯೇ ಎಂಬುದನ್ನೂ ಅವರಿಂದಲೇ ತಿಳಿದುಕೊಳ್ಳಬಹುದು. ಬರಿಯ ‘ಎಸ್‌ಎಚ್’ ಎಂದಿದ್ದರೆ ಡೆಬಿಯನ್ ಹಾಗೂ ಉಬುಂಟುಗಳಲ್ಲಿ ಡ್ಯಾಷ್ ಎಂಬ ಬೇರೊಂದು ಶೆಲ್ ನಡೆಯುತ್ತದೆ, ಅದಕ್ಕೆ ಶಾಪ್ಟ್ ಆಜ್ಞೆಯ ಪರಿಚಯವೇ ಇಲ್ಲ.