ಡಬ್ಬಿಯೊಳಗಿನ ಕಪ್ಪೆಮರಿಯೂ ಒಂದು ಅಮಾನತ್ತು



ಕಳೆದ ಮಳೆಗಾಲದಲ್ಲಿ ನಮ್ಮ ಸರಸಂಬಾದ ಒಂದು ಮನೆಗೆ ಪುಣೆಯಿಂದ ಬಂದ ನೆಂಟರು ಮಕ್ಕಳಿಗೆಂದು ಎರಡು ಕಪ್ಪೆಮರಿಗಳನ್ನು ತಂದಿದ್ದರು. ಎರಡು ರೂಪಾಯಿ ನಾಣ್ಯದಷ್ಟಿದ್ದವು. ಅಗಲ ಬಾಯಿ, ಕಣ್ಣಿನ ಮೇಲೆ ಕೊಂಬಿನಂತೆ ಎದ್ದ ಚರ್ಮ. ಅಂಗಡಿಯವರು ಇದನ್ನು ಪ್ಯಾಕ್‌ಮನ್ ಕಪ್ಪೆ ಎನ್ನುತ್ತಾರೆ. ನಾವು ಕೊಂಬುಗಪ್ಪೆ ಎನ್ನೋಣ. ಮಕ್ಕಳು ಎರಡನ್ನೂ ಒಂದೇ ಡಬ್ಬಿಯಲ್ಲಿ, ಬಣ್ಣದ ಹರಳುಕಲ್ಲು ಹಾಸಿ ಇಟ್ಟರು. ಮೂರನೆಯ ದಿನ ಬೆಳಿಗ್ಗೆ ಡಬ್ಬಿಯಲ್ಲಿ ಒಂದೇ ಕಪ್ಪೆ ಇತ್ತು. ಇನ್ನೊಂದರ ಹಿಂಗಾಲು ಅದರ ಬಾಯಿಂದ ಹೊರಗೆ ಕಾಣುತ್ತಿತ್ತು.

ಅದೇ ವಾರ ಆ ಮನೆಯ ಎರಡು ವರ್ಷದ ಮಗುವಿಗೆ ಜ್ವರ, ಭೇದಿ. ತಾಯಿ ಮಗುವನ್ನೆತ್ತಿಕೊಂಡು ನನ್ನ ದವಾಖಾನೆಗೆ ಬಂದಾಗ ಆರನೇ ತರಗತಿಯ ಹಿರಿಯ ಮಗ ಡಬ್ಬಿ ಹಿಡಿದು ಹಿಂದೆಯೇ ಬಂದ. “ಹಕೀಮ್ ಸಾಬ್, ದಾದಿ ಇದನ್ನ ಹಳ್ಳಕ್ಕ ಬಿಟ್ಟು ಬಾ ಅಂತಾರ. ಬಿಡ್ಲೇನ್ರಿ?” ಎಂದು ಕೇಳಿದ.

ಮಗುವಿನ ಭೇದಿಗೆ ಕಪ್ಪೆಯೇ ಕಾರಣವೆಂದು ನಾನು ಹೇಳಲಿಲ್ಲ. ಮಳೆಗಾಲದ ಭೇದಿಗೆ ಕಾರಣಗಳು ಹಲವು. ಆದರೆ ಡಬ್ಬಿಯನ್ನು ಎಲ್ಲಿ ತೊಳೆಯುತ್ತೀರಿ ಎಂದು ಕೇಳಿದೆ. ಊಟದ ತಟ್ಟೆ ತೊಳೆಯುವ ಸಿಂಕಿನಲ್ಲೇ ಎಂದು ತಾಯಿ ಹೇಳಿದರು. ಈ ತಿಂಗಳ ಪಾಠವನ್ನು ಬರೆಯಲು ಆ ಉತ್ತರವೇ ಕಾರಣ.

ಮೊದಲು ನಮ್ಮ ಮನೆಯ ಆರೋಗ್ಯ

ಕಪ್ಪೆ, ಆಮೆ, ಹಲ್ಲಿಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಪ್ರಾಣಿಗೆ ಏನೂ ಆಗಿರುವುದಿಲ್ಲ, ನೋಡಲು ಚೊಕ್ಕಟವಾಗಿಯೇ ಇರುತ್ತದೆ. ಆದರೆ ಅದರ ಮಲ, ಅದು ಕುಳಿತ ನೀರು, ಡಬ್ಬಿಯ ಗೋಡೆ ಇವುಗಳಿಂದ ಕೈಗೆ, ಕೈಯಿಂದ ಬಾಯಿಗೆ ರೋಗಾಣು ದಾಟುತ್ತದೆ. 2008ರಿಂದ 2011ರವರೆಗೆ ಅಮೆರಿಕದ 44 ರಾಜ್ಯಗಳಲ್ಲಿ 376 ಜನರಿಗೆ ಹೀಗೆ ಸೋಂಕು ತಗಲಿತು. ಮೂಲ ಹುಡುಕಿದಾಗ ಸಿಕ್ಕಿದ್ದು ನೀರಿನ ತೊಟ್ಟಿಯಲ್ಲಿ ಸಾಕುವ ಪುಟ್ಟ ಕಪ್ಪೆಗಳು. ಸೋಂಕಿತರಲ್ಲಿ ಹೆಚ್ಚಿನವರು ಹತ್ತು ವರ್ಷದೊಳಗಿನ ಮಕ್ಕಳು.

ಆದ್ದರಿಂದ ಡಬ್ಬಿಯನ್ನು ಅಡುಗೆಮನೆಯಲ್ಲಾಗಲಿ, ವುಝೂ ಮಾಡುವ ಜಾಗದಲ್ಲಾಗಲಿ ತೊಳೆಯಬೇಡಿ. ಅದಕ್ಕೆಂದೇ ಒಂದು ಬಕೆಟ್, ಒಂದು ಬ್ರಷ್ ಇರಲಿ. ಕೊಳೆ ನೀರನ್ನು ಶೌಚಾಲಯದಲ್ಲಿ ಚೆಲ್ಲಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಇಪ್ಪತ್ತು ಸೆಕೆಂಡು ಕೈ ಉಜ್ಜಿ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀರಾ ವಯಸ್ಸಾದವರು ಕಪ್ಪೆಯನ್ನೂ ಡಬ್ಬಿಯನ್ನೂ ಮುಟ್ಟದಿರುವುದೇ ಒಳ್ಳೆಯದು.

ಮನೆಯಲ್ಲಿ ಯಾರಿಗಾದರೂ ಭೇದಿಯಾದರೆ ಓಆರ್‌ಎಸ್ ಪುಡಿಯನ್ನು ಪ್ಯಾಕೆಟ್ಟಿನ ಮೇಲೆ ಬರೆದಷ್ಟು ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ, ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಿ. ಮಲದಲ್ಲಿ ರಕ್ತ, ಬಿಡದ ಜ್ವರ, ಗುಳಿ ಬಿದ್ದ ಕಣ್ಣು, ಮೂತ್ರ ಕಡಿಮೆಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಕಪ್ಪೆ ಇದೆ ಎಂದು ವೈದ್ಯರಿಗೆ ಹೇಳಲು ಮರೆಯಬೇಡಿ.

ಕಪ್ಪೆಗೂ ಆರು ಅಗತ್ಯಗಳು

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆರು ಆಧಾರಗಳಿವೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಇವನ್ನು ‘ಅಸ್ಬಾಬೆ ಸಿತ್ತಾ ಜರೂರಿಯಾ’ ಎನ್ನುತ್ತೇವೆ. ಬಯಲಿನ ಕಪ್ಪೆ ಇವೆಲ್ಲವನ್ನೂ ತಾನೇ ಹುಡುಕಿಕೊಳ್ಳುತ್ತದೆ. ಡಬ್ಬಿಯ ಕಪ್ಪೆಗೆ ನೀವು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಗಾಳಿ ಮತ್ತು ತಂಪು: ಕೊಂಬುಗಪ್ಪೆ ದಕ್ಷಿಣ ಅಮೆರಿಕದ ಅರ್ಜೆಂಟೀನಾ, ಪರಾಗ್ವೆ ಕಡೆಯದು. ಅಲ್ಲಿಯೂ ನಮ್ಮಲ್ಲಿಯಂತೆ ಒಣ ತಿಂಗಳುಗಳಿವೆ. ಆಗ ಅದು ನೆಲದೊಳಗೆ ಸೇರಿ ಮಳೆಗೆ ಕಾಯುತ್ತದೆ. ಮಿರಗದ ಮಳೆಗೆ ನಮ್ಮ ಹೊಲದ ಕಪ್ಪೆಗಳು ಮಣ್ಣಿನಿಂದ ಎದ್ದು ಬರುವುದನ್ನು ನೀವೂ ನೋಡಿದ್ದೀರಿ. ಆದರೆ ನೆಲದಾಳ ತಂಪು, ಪ್ಲಾಸ್ಟಿಕ್ ಡಬ್ಬಿ ಹಾಗಲ್ಲ. ಇದಕ್ಕೆ 24ರಿಂದ 28 ಡಿಗ್ರಿ ಶಾಖ ಹಿತ. 30 ದಾಟಿದರೆ ಅಪಾಯ. ನಮ್ಮ ಕಲಬುರಗಿ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಡಬ್ಬಿಯನ್ನು ಕಿಟಕಿ, ತಗಡಿನ ಸೂರು, ಫ್ರಿಜ್ಜಿನ ನೆತ್ತಿ ಇವುಗಳಿಂದ ದೂರವಿಡಿ. ಮನೆಯ ನಡುಕೋಣೆಯಲ್ಲಿ ಕಲ್ಲುಹಾಸಿನ ಮೇಲೆ ಇಟ್ಟು, ಸುತ್ತ ಒದ್ದೆ ಬಟ್ಟೆ ಹೊದಿಸಿ. ಗಾಳಿ ಆಡುವಷ್ಟು ತೂತು ತೆರೆದಿರಲಿ. ಪಕ್ಕದಲ್ಲಿ ಸಣ್ಣ ಥರ್ಮಾಮೀಟರ್ ಇರಲಿ. ಬೇಸಿಗೆಗೆ ಇಂಥ ತಂಪಿನ ವ್ಯವಸ್ಥೆ ಮಾಡಲಾರೆವು ಎನ್ನುವವರು ಕೊಳ್ಳಲೇಬೇಡಿ.

ಅನ್ನಪಾನ: ಇದು ಜೀವಂತ ಹುಳುಗಳನ್ನು ತಿನ್ನುವ ಪ್ರಾಣಿ. ಅನ್ನ, ರೊಟ್ಟಿ, ಬೇಯಿಸಿದ ಮಾಂಸ ಬೇಡ. ಮರಿಗೆ ದಿನಕ್ಕೊಮ್ಮೆ ಅಥವಾ ದಿನ ಬಿಟ್ಟು ದಿನ ಚಿಮ್ಮಂಡೆ, ಎರೆಹುಳದ ತುಂಡು ಕೊಡಿ. ತುಂಡು ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಅಗಲವಿರಬಾರದು. ಬೆಳೆದ ಕಪ್ಪೆಗೆ ವಾರಕ್ಕೊಮ್ಮೆ ಸಾಕು. ನಮ್ಮ ಆಳಂದ ತಾಲೂಕಿನಲ್ಲಿ ತೊಗರಿಗೆ ಔಷಧಿ ಸಿಂಪಡಿಸದ ಹೊಲ ಕಡಿಮೆ. ಅಂಥ ಹೊಲದ ಹುಳು, ಸ್ಪ್ರೇ ಹೊಡೆದ ಮನೆಯ ಜಿರಳೆ ಕೊಟ್ಟರೆ ಕಪ್ಪೆ ಸಾಯಬಹುದು. ಕ್ಯಾಲ್ಸಿಯಂ ಮತ್ತು ಡಿ3 ವಿಟಮಿನ್ ಇರುವ ಪುಡಿಯನ್ನು ಅಂಗಡಿಯಿಂದ ತಂದು ಹುಳುವಿಗೆ ಸವರಿ ಕೊಡಿ. ಅದಿಲ್ಲದಿದ್ದರೆ ರಿಕೆಟ್ಸ್ ಆದ ಮಗುವಿನಂತೆ ಮರಿಯ ಎಲುಬು ಮೆತ್ತಗಾಗಿ ದವಡೆ ಸೊಟ್ಟಗಾಗುತ್ತದೆ. ಕೈಯಿಂದ ತಿನ್ನಿಸಬೇಡಿ, ಅದು ಬೆರಳನ್ನೂ ಕಚ್ಚುತ್ತದೆ. ಮೊಂಡು ತುದಿಯ ಚಿಮಟ ಬಳಸಿ.

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿ ನೀರನ್ನು ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ತಟ್ಟೆಯ ನೀರು ಅದರ ಗದ್ದಕ್ಕಿಂತ ಕೆಳಗಿರಲಿ. ಇದು ಸರಿಯಾಗಿ ಈಜಲಾರದು, ಆಳದ ನೀರಿನಲ್ಲಿ ಮರಿ ಮುಳುಗುತ್ತದೆ.

ಚಲನೆ, ವಿಶ್ರಾಂತಿ, ಮನಸ್ಸು: ಅಲುಗದೆ ಹೊಂಚಿ ಕೂರುವುದೇ ಇದರ ಸ್ವಭಾವ. ಮಂಕಾಗಿದೆಯೆಂದು ಚುಚ್ಚಿ ಎಬ್ಬಿಸಬೇಡಿ. ಆಟಿಕೆಯಂತೆ ಕೈಯಿಂದ ಕೈಗೆ ದಾಟಿಸಬೇಡಿ. ಕೈಯ ಅತ್ತರ್, ಎಣ್ಣೆ, ಸ್ಯಾನಿಟೈಜರ್ ಎಲ್ಲವೂ ಅದರ ಚರ್ಮದೊಳಗೆ ಇಳಿಯುತ್ತದೆ. ಎತ್ತಲೇಬೇಕಾದರೆ ಕೈಯಲ್ಲಿ ಸೋಪಿನ ಅಂಶ ಉಳಿಯದಂತೆ ತೊಳೆದು, ಒದ್ದೆ ಕೈಯಲ್ಲಿ ಎತ್ತಿ. ಮತ್ತೊಂದು ಕಪ್ಪೆಯನ್ನು ಜೊತೆಗೆ ಇಡಲೇಬೇಡಿ. ಆ ಮನೆಯಲ್ಲಿ ಏನಾಯಿತೆಂದು ಓದಿದಿರಲ್ಲ. ಜೊತೆಗಾರನೆಂಬುದು ಈ ಪ್ರಾಣಿಗೆ ಗೊತ್ತಿಲ್ಲ, ಮುಂದೆ ಸುಳಿದದ್ದೆಲ್ಲ ಆಹಾರ.

ನಿದ್ರೆ: ಹಗಲು ಹೂತುಕೊಂಡು ಕೂರುತ್ತದೆ, ರಾತ್ರಿ ಚುರುಕಾಗುತ್ತದೆ. ಹರಳುಕಲ್ಲು ಬೇಡ, ಹುಳುವಿನೊಂದಿಗೆ ಕಲ್ಲನ್ನೂ ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ. ಗೊಬ್ಬರ ಬೆರೆಸದ ಕೊಕೊಪೀಟ್ ನೆನೆಸಿ, ನೀರು ತೊಟ್ಟಿಕ್ಕದಂತೆ ಹಿಂಡಿ, ನಾಲ್ಕು ಬೆರಳು ದಪ್ಪ ಹಾಸಿ. ಹಗಲಿನ ಮಂದ ಬೆಳಕು ಸಾಕು.

ವಿಸರ್ಜನೆ: ಕಪ್ಪೆ ತನ್ನ ಕೊಳಕಿನ ಮೇಲೆಯೇ ಕುಳಿತರೆ ಆ ವಿಷ ಚರ್ಮದ ಮೂಲಕ ಮತ್ತೆ ಒಳಗೆ ಹೋಗುತ್ತದೆ. ಮಲ ಕಂಡ ಕೂಡಲೇ ತೆಗೆಯಿರಿ, ನೀರನ್ನು ದಿನಾ ಬದಲಿಸಿ, ಹಾಸು ವಾಸನೆ ಬರುವ ಮೊದಲೇ ಹೊಸದು ಹಾಕಿ. ಹಿಂಗಾಲು ಚಾಚಿ ನಡುಗುವುದು, ಹೊಟ್ಟೆ ಮತ್ತು ತೊಡೆ ಕೆಂಪಾಗುವುದು, ಕಣ್ಣು ಮಂಜಾಗುವುದು ಕಂಡರೆ ತೆಳುವಾದ ಶುದ್ಧ ನೀರಿರುವ ಬೇರೆ ಡಬ್ಬಿಗೆ ಹಾಕಿ ಪಶುವೈದ್ಯರಿಗೆ ತೋರಿಸಿ. ಮನುಷ್ಯರ ಮಾತ್ರೆಯನ್ನಾಗಲಿ ನನ್ನಂಥ ಹಕೀಮರ ಚೂರ್ಣವನ್ನಾಗಲಿ ಕೊಡಬೇಡಿ.

ಹಳ್ಳಕ್ಕೆ ಬಿಡಬಹುದೇ?

ಹುಡುಗನ ಪ್ರಶ್ನೆಗೆ ನನ್ನ ಉತ್ತರ, ಬೇಡ ಎಂದೇ. ಹೊರದೇಶದ ಕಪ್ಪೆ ನಮ್ಮ ಬಿಸಿಲಿಗೆ ಸಾಯಬಹುದು. ಬದುಕಿದರೆ ನಮ್ಮ ಕಪ್ಪೆಗಳನ್ನೇ ತಿನ್ನಬಹುದು, ರೋಗವನ್ನೂ ಹರಡಬಹುದು. ಕೈಟ್ರಿಡ್ ಎಂಬ ಶಿಲೀಂಧ್ರ ರೋಗದಿಂದ ಜಗತ್ತಿನಲ್ಲಿ 500ಕ್ಕೂ ಹೆಚ್ಚು ಜಾತಿಯ ಕಪ್ಪೆ ಮತ್ತಿತರ ಉಭಯವಾಸಿಗಳು ಕ್ಷೀಣಿಸಿವೆ. ಅದು ದೇಶದಿಂದ ದೇಶಕ್ಕೆ ಹರಡಲು ಕಪ್ಪೆಗಳ ಮಾರಾಟವೂ ಒಂದು ಕಾರಣ. ನಮ್ಮ ಹೊಲದ ಕಪ್ಪೆ ಬೆಳೆ ತಿನ್ನುವ ಹುಳುಗಳನ್ನು ತಿನ್ನುತ್ತದೆ. ಕಪ್ಪೆಕಾಲಿನ ರಫ್ತನ್ನು ಭಾರತ 1987ರಲ್ಲಿ ನಿಷೇಧಿಸಿತು. ಅಮರ್ಜಾ ದಂಡೆಯ ಕಪ್ಪೆಗಳನ್ನು ಮನೆಗೆ ತರುವುದೂ ಬೇಡ, ಮನೆಯದನ್ನು ಅಲ್ಲಿಗೆ ಬಿಡುವುದೂ ಬೇಡ. ಸಾಕಲಾಗದಿದ್ದರೆ ತಂದ ಅಂಗಡಿಗೋ ಬಲ್ಲವರಿಗೋ ಒಪ್ಪಿಸಿ.

ಕಪ್ಪೆಯ ಕೊಬ್ಬು, ಎಣ್ಣೆ ಮಂಡಿನೋವಿಗೆ ಒಳ್ಳೆಯದಂತೆ ಎಂದು ಕೇಳಿಕೊಂಡು ನನ್ನಲ್ಲಿಗೆ ಬರುವವರಿದ್ದಾರೆ. ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಒಬ್ಬ ವೈದ್ಯ ಕಪ್ಪೆಯನ್ನು ಔಷಧಿಗೆ ಬಳಸಬಹುದೇ ಎಂದು ಕೇಳಿದಾಗ ಪ್ರವಾದಿಯವರು(ಸ) ಅದನ್ನು ಕೊಲ್ಲುವುದನ್ನು ತಡೆದರೆಂದು ಬಂದಿದೆ. ವೈದ್ಯನಾದ ನನಗೆ ಅಷ್ಟು ಸಾಕು. ಬೆಕ್ಕನ್ನು ಕಟ್ಟಿಹಾಕಿ, ತಿನ್ನಲೂ ಕೊಡದೆ, ಹುಡುಕಿ ತಿನ್ನಲೂ ಬಿಡದೆ ಕೊಂದ ಹೆಂಗಸಿಗೆ ಬಂದ ಶಿಕ್ಷೆಯ ವಿಷಯವೂ ನಿಮಗೆ ಗೊತ್ತೇ ಇದೆ. ಡಬ್ಬಿಯ ಮುಚ್ಚಳ ಹಾಕುವಾಗ ಅದನ್ನು ನೆನೆಯಿರಿ.

ಚೆನ್ನಾಗಿ ನೋಡಿಕೊಂಡರೆ ಕೊಂಬುಗಪ್ಪೆ ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಆರನೇ ತರಗತಿಯ ಹುಡುಗ ಡಿಗ್ರಿ ಮುಗಿಸಿದರೂ ಅದು ಇರುತ್ತದೆ. ಕೊಳ್ಳುವ ಮೊದಲು ಮನೆಯವರೆಲ್ಲ ಕೂತು, ಅಷ್ಟು ವರ್ಷ ನೀರು ಬದಲಿಸುವವರು ಯಾರು ಎಂದು ತೀರ್ಮಾನಿಸಿ.

ಆ ಮಗು ನಾಲ್ಕು ದಿನದಲ್ಲಿ ಗುಣವಾಯಿತು, ಅಲ್‌ಹಮ್ದುಲಿಲ್ಲಾಹ್. ಹುಡುಗ ಬಚ್ಚಲ ಹೊರಗೆ ಕಪ್ಪೆಗೆಂದೇ ಒಂದು ಕೆಂಪು ಬಕೆಟ್ ಇಟ್ಟಿದ್ದಾನೆ. ಕಪ್ಪೆ ಈಗ ಅವನ ಅಂಗೈಯಷ್ಟಾಗಿದೆ. ಮೊನ್ನೆ ದಾದಿಯೇ ಹೇಳಿ ಕಳಿಸಿದ್ದರು: “ಬಿಸಲು ಬಂತು, ಕಪ್ಪಿ ಡಬ್ಬಿಗೆ ಹಸಿ ಅರಬಿ ಸುತ್ತೀನಿ, ಸಾಕೇನ್ರಿ?”